ಎಡಗಡೆಯ ಸೀಟಿಗೆ ಬ್ರೇಕಿಲ್ಲ

ಕಾರು ಓಡಿಸಲು ಬಾರದ ಹೆಂಗಸೊಬ್ಬಳು ನಿವೃತ್ತಿಯಾಗುವ ತನಕ ಕಾರುಗಳಿಗೆ ವಿಮೆ ಮಾಡಿಸಿದಳು ಎಂದರೆ ಕೇಳಿದವರು ನಗುತ್ತಾರೆ. ನಗಲಿ. ಮಲಪ್ರಭೆಯ ದಂಡೆಯಲ್ಲಿದ್ದ ನನ್ನ ಅಜ್ಜಿಯ ಊರಲ್ಲಿ ಈಜು ಬಾರದ ಅಂಬಿಗನೊಬ್ಬನಿದ್ದ. ‘ನನಗ ಈಜು ಬರೂದಿಲ್ಲ, ಅದಕ್ಕ ದೋಣಿ ಮುಳುಗಸೂದಿಲ್ಲ’ ಎನ್ನುತ್ತಿದ್ದನಂತೆ. ಅಜ್ಜಿ ಇದನ್ನು ಎಷ್ಟು ಸಲ ಹೇಳಿದ್ದಳೆಂದರೆ, ಕಡಲಾಚೆಯ ಈ ದೇಶಕ್ಕೆ ಬಂದು ಮೌಂಟ್ ರಾಸ್ಕಿಲ್‌ನ ವಿಮಾ ಆಫೀಸಿಗೆ ಮೊದಲ ಸಲ ಬಸ್ಸಿನಲ್ಲಿ ಹೋದಾಗ, ‘ನಿಮಗೆ ಡ್ರೈವಿಂಗ್ ಬರುತ್ತದೆಯೇ’ ಎಂದು ಕೇಳಿದವರಿಗೆ ನಾನು ಅದನ್ನೇ ಇಂಗ್ಲಿಷ್ ಮಾಡಿ ಹೇಳಿದೆ. ಕೆಲಸ ಸಿಕ್ಕಿತು.

ಈಗ ಇದೇ ಕೆಲಸಕ್ಕೆ ಸೇರುತ್ತಿರುವ ನಮ್ಮವರ ಮಕ್ಕಳು ಮದುವೆ ಮುಂಜಿಗಳಲ್ಲಿ ಸಿಕ್ಕಾಗ, ‘ಆಂಟಿ, ವಾಟ್ ವಾಸ್ ಇಟ್ ಲೈಕ್?’ ಎಂದು ಕೇಳುತ್ತಾರೆ. ಕನ್ನಡ ಅವರಿಗೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಅಪ್ಪ ಅಮ್ಮ ಓದಿ ಹೇಳಲಿ ಎಂದು ಇಲ್ಲಿ ಬರೆದಿಡುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಹೂಗುಚ್ಛ ಕೊಟ್ಟರು ಎಂಬುದೆಲ್ಲ ಅವರಿಗೂ ಬೇಡ, ನನಗೂ ನೆನಪಿಲ್ಲ.

ಎರಡು ಸಾವಿರದ ಇಸವಿಯ ಆಚೀಚಿನ ವರ್ಷಗಳು. ನಮ್ಮ ಆಫೀಸು ಮುಖ್ಯರಸ್ತೆಯ ಮೇಲೆ, ಒಂದು ಮೀನಂಗಡಿಗೂ ಒಂದು ಡೈರಿಗೂ ನಡುವೆ ಇತ್ತು. ಡೈರಿ ಎಂದರೆ ಹಾಲಿನ ಡೈರಿಯಲ್ಲ, ಹಾಲು, ಬ್ರೆಡ್ಡು, ಪೇಪರು, ಐಸ್‌ಕ್ರೀಮು ಎಲ್ಲ ಸಿಗುವ ಮೂಲೆಯಂಗಡಿಗೆ ಇಲ್ಲಿನವರು ಇಟ್ಟ ಹೆಸರು. ಅಪಘಾತ ಮಾಡಿಕೊಂಡವರು ಮೊದಲು ಡೈರಿಯಲ್ಲಿ ನೀರಿನ ಬಾಟಲಿ ಕೊಂಡು ಗಟಗಟ ಕುಡಿದು ಆಮೇಲೆ ನಮ್ಮ ಬಾಗಿಲು ತಳ್ಳುತ್ತಿದ್ದರು. ಬಾಟಲಿ ನೋಡಿದರೇ ನನಗೆ ಗೊತ್ತಾಗುತ್ತಿತ್ತು: ಪಾಲಿಸಿ ಮಾಡಿಸಲು ಬಂದವರಲ್ಲ ಇವರು, ಗುದ್ದಿಕೊಂಡು ಬಂದವರು.

ನಮ್ಮ ಮೇಲಧಿಕಾರಿ ಡಯಾನ್. ಬೆಳ್ಳಿಕೂದಲು, ಎತ್ತರದ ಆಳು, ಹೊಲದ ಮನೆಯಲ್ಲಿ ಬೆಳೆದು ಹನ್ನೆರಡನೇ ವಯಸ್ಸಿಗೇ ಟ್ರ್ಯಾಕ್ಟರ್ ಓಡಿಸಿದವಳು. ಅವಳು ನನಗೆ ಕಲಿಸಿದ ಮೊದಲ ಪಾಠ, ‘ಏನಾಯಿತು ಎಂದು ಕೇಳಬೇಡ, ಎಲ್ಲರೂ ಕ್ಷೇಮವೇ ಎಂದು ಕೇಳು.’ ಎರಡನೆಯ ಪಾಠ ಅವಳ ಮೇಜಿನ ಮೇಲೆಯೇ ಇತ್ತು. ಒಂದು ಕೆಂಪು, ಒಂದು ನೀಲಿ, ಎರಡು ಆಟಿಕೆ ಕಾರುಗಳು. ಎದುರು ಕೂತವರ ಮುಂದೆ ಅವನ್ನು ಸರಿಸಿ, ‘ತೋರಿಸಿ’ ಎನ್ನುತ್ತಿದ್ದಳು, ಅಷ್ಟೇ. ಸಮೋವಾದ ಅಜ್ಜ, ಚೀನಾದ ಅಂಗಡಿಯವಳು, ನಮ್ಮ ದಾವಣಗೆರೆಯ ಇಂಜಿನಿಯರು, ಯಾರೇ ಬರಲಿ, ಬಾಯಲ್ಲಿ ಬಾರದ್ದು ಕೈಯಲ್ಲಿ ಬರುತ್ತಿತ್ತು. ಆಗ ಈ ದೇಶದಲ್ಲಿ ಒಂದು ವಿಚಿತ್ರ ನಿಯಮವಿತ್ತು. ನೀವು ಎಡಕ್ಕೆ ತಿರುಗುತ್ತಿದ್ದರೆ, ಎದುರಿನಿಂದ ಬಂದು ಅದೇ ರಸ್ತೆಗೆ ಬಲಕ್ಕೆ ತಿರುಗುವವನಿಗೆ ನೀವೇ ದಾರಿ ಬಿಡಬೇಕು. ನಮ್ಮ ಕಡೆಯಿಂದ ಬಂದವರಿಗೆ ಇದು ತಲೆಗೆ ಹೋಗುತ್ತಲೇ ಇರಲಿಲ್ಲ. ಕೆಂಪು ಕಾರು ನೀಲಿ ಕಾರಿನ ಪಕ್ಕೆಗೆ ತಿವಿದು ತಿವಿದು ಅದರ ಬಣ್ಣವೇ ಎದ್ದುಹೋಗಿತ್ತು. ಆ ನಿಯಮ ಈಗಿಲ್ಲ.

ಇನ್ನೊಂದು ತಲೆಗೆ ಹೋಗದ ಸಂಗತಿ, ಈ ದೇಶದಲ್ಲಿ ಕಾರಿಗೆ ವಿಮೆ ಮಾಡಿಸಲೇಬೇಕೆಂಬ ಕಾನೂನಿಲ್ಲ. ಊರಲ್ಲಿ ಪೊಲೀಸರು ಕೈ ಅಡ್ಡ ಹಾಕಿದರೆ ಲೈಸೆನ್ಸ್, ಆರ್‌ಸಿ, ಇನ್ಷೂರೆನ್ಸ್ ಎಂದು ಒಂದೇ ಉಸಿರಿನಲ್ಲಿ ಕೇಳುತ್ತಾರಲ್ಲ, ಇಲ್ಲಿ ಮೂರನೆಯದನ್ನು ಯಾರೂ ಕೇಳುವುದಿಲ್ಲ. ಕಾರಿನ ನೋಂದಣಿಗೆ ಇಲ್ಲಿನವರು ರೆಜೊ ಎನ್ನುತ್ತಾರೆ. ಅದನ್ನು ಕಟ್ಟುವಾಗ ಒಂದು ಪಾಲು ಸರ್ಕಾರದ ಅಪಘಾತ ಪರಿಹಾರಕ್ಕೆ ಹೋಗುತ್ತದೆ. ರಸ್ತೆಯಲ್ಲಿ ಯಾರದಾದರೂ ಕೈಕಾಲು ಮುರಿದರೆ ಆಸ್ಪತ್ರೆಯ ಖರ್ಚನ್ನು ಅದು ನೋಡಿಕೊಳ್ಳುತ್ತದೆ. ನಮ್ಮವರು ಆ ಚೀಟಿಯಲ್ಲಿ ಅಪಘಾತ ಎಂಬ ಮಾತು ನೋಡಿದ್ದೇ ತಡ, ‘ಇನ್ಷೂರೆನ್ಸೂ ಇದರಲ್ಲೇ ಬಂತು’ ಎಂದು ಗಾಜಿಗೆ ಅಂಟಿಸಿ ನಿಶ್ಚಿಂತೆಯಾಗಿ ಓಡಾಡುತ್ತಿದ್ದರು. ಮುರಿದ ಕಾಲಿಗೆ ಸರ್ಕಾರ ಇದೆ. ಮುರಿದ ಕಾರಿಗೆ, ಅದರಲ್ಲೂ ಇನ್ನೊಬ್ಬರ ಕಾರಿಗೆ, ನಿಮ್ಮ ಜೇಬೇ ಗತಿ. ಈ ಒಂದು ಮಾತನ್ನು ಎಷ್ಟು ಹಬ್ಬಗಳಲ್ಲಿ, ಎಷ್ಟು ಪಾಯಸದ ಬಟ್ಟಲುಗಳ ಮುಂದೆ ಹೇಳಿದ್ದೇನೋ!

ಗುರಪ್ಪ ಕಾಕಾಗೂ ಹಾಗೇ ಒಂದು ಆಯುಧಪೂಜೆಯ ದಿನ ಹೇಳಿದ್ದೆ.

ಕಾಕಾ ಹುಬ್ಬಳ್ಳಿಯಲ್ಲಿ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ರಿಟೈರಾದ ಮೇಲೆ ಮಗಳ ಮನೆಗೆಂದು ಬಂದು ಮೌಂಟ್ ರಾಸ್ಕಿಲ್‌ನಲ್ಲೇ ನೆಲೆಸಿದ್ದರು. ಅವರ ಸರ್ವೀಸಿನಲ್ಲಿ ಒಂದೂ ಅಪಘಾತ ಇಲ್ಲ. ಹೆಸರು ಹೇಳುವ ಮೊದಲೇ ಅವರು ಈ ಮಾತು ಹೇಳುತ್ತಿದ್ದರು. ಅದಕ್ಕೆ ಸಿಕ್ಕ ಬೆಳ್ಳಿಯ ಪದಕ ಮಗಳ ಮನೆಯ ಶೋಕೇಸಿನಲ್ಲಿ, ಮೊಮ್ಮಕ್ಕಳ ಈಜಿನ ಕಪ್ಪುಗಳ ಮಧ್ಯೆ ಇತ್ತು. ಜಪಾನಿನಿಂದ ಬಂದ ಹಳೆಯ ಬಿಳಿ ಕಾರೊಂದನ್ನು ಕೊಂಡಿದ್ದರು. ಅದರ ಗುಂಡಿಗಳ ಮೇಲೆಲ್ಲ ಜಪಾನಿ ಅಕ್ಷರ, ರೇಡಿಯೋ ಹಚ್ಚಿದರೆ ಈ ಊರಿನ ಅರ್ಧ ಸ್ಟೇಷನ್ನುಗಳು ಬರುತ್ತಿರಲಿಲ್ಲ. ‘ಹಾಡು ಯಾಕ ಬೇಕವಾ, ಇಂಜಿನ್ನೇ ಹಾಡತೈತಿ’ ಎನ್ನುತ್ತಿದ್ದರು.

ಆ ಆಯುಧಪೂಜೆಯ ದಿನ ಕಾರಿಗೆ ಚೆಂಡುಹೂ ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ನಿಂತಿದ್ದಾಗ, ‘ಕಾಕಾ, ವಿಮಾ ಮಾಡಿಸೀರೇನು?’ ಎಂದೆ.

‘ರೆಜೊ ಕಟ್ಟೀನಲ್ಲ.’

‘ಅದು ಮನಷ್ಯಾಗ. ನೀವು ಮಂದಿ ಕಾರಿಗೆ ಗುದ್ದಿದ್ರ?’

‘ನಾ ಗುದ್ದತೀನಿ?’ ಕಾಕಾಗೆ ಸಿಟ್ಟೇ ಬಂದುಬಿಟ್ಟಿತು. ‘ಸರೂ, ಕಿತ್ತೂರು ಜಾತ್ರಿ ಸಂದ್ಯಾಗ ಬಸ್ ತೂರಿಸಿದ ಕೈ ಇದು.’

‘ನೀವು ಗುದ್ದೂದಿಲ್ಲ ಕಾಕಾ. ನಿಮ್ಮ ಕಾರಿನ್ಯಾಗ ಕಲೀತಾರಲ್ಲ, ಅವರು?’

ಕಾಕಾ ಬಗ್ಗಿ ಗಾಲಿಯ ಕೆಳಗಿನ ನಿಂಬೆಹಣ್ಣನ್ನು ಸರಿಮಾಡಿದರು. ಆ ಕಾರು ಅವರೊಬ್ಬರದಾಗಿ ಉಳಿದಿರಲಿಲ್ಲ. ಹೊಸದಾಗಿ ಬಂದ ಮನೆಗಳ ಹೆಣ್ಣುಮಕ್ಕಳೆಲ್ಲ ಸ್ಟೀರಿಂಗ್ ಹಿಡಿದಿದ್ದು ಅದರಲ್ಲೇ. ಗಂಡಂದಿರು ತಮ್ಮ ಹೊಸ ಕಾರು ಕೊಡುತ್ತಿರಲಿಲ್ಲ, ಕೊಟ್ಟರೂ ಪಕ್ಕದಲ್ಲಿ ಕೂತು ಕಿರುಚುತ್ತಿದ್ದರು. ಕಾಕಾ ಕಿರುಚುತ್ತಿರಲಿಲ್ಲ. ಕಲಿಯುವವರ ಹಳದಿ ‘ಎಲ್’ ಫಲಕಕ್ಕೂ ಒಂದು ಕುಂಕುಮದ ಬೊಟ್ಟಿಟ್ಟು, ‘ಹೊಂಡು’ ಎನ್ನುತ್ತಿದ್ದರು.

ಅಂತೂ ಮರುವಾರ ಬಂದು ಥರ್ಡ್ ಪಾರ್ಟಿ ಮಾಡಿಸಿದರು. ಇದ್ದುದರಲ್ಲಿ ಅಗ್ಗದ್ದು ಅದು. ನಮ್ಮಿಂದ ಇನ್ನೊಬ್ಬರ ಕಾರಿಗೆ ಆದ ನಷ್ಟವನ್ನು ಕಂಪನಿ ಕೊಡುತ್ತದೆ, ನಮ್ಮ ಕಾರು ನಮ್ಮ ಹಣೆಬರಹ. ಹೊಸ ಕಾರು, ಸಾಲದ ಕಾರು ಇರುವವರಿಗೆ ಎರಡನ್ನೂ ನೋಡಿಕೊಳ್ಳುವ ಫುಲ್ ಕವರ್ ಬೇಕಾಗುತ್ತದೆ. ಕಂತು ಎಷ್ಟು ಎಂಬುದು ಯಾರು ಓಡಿಸುತ್ತಾರೆ, ಅವರ ವಯಸ್ಸೆಷ್ಟು, ರಾತ್ರಿ ಕಾರು ಗ್ಯಾರೇಜಿನಲ್ಲೋ ಬೀದಿಯಲ್ಲೋ, ಹಿಂದೆ ಎಷ್ಟು ಸಲ ಗುದ್ದಿದ್ದಾರೆ ಎಂಬುದರ ಮೇಲೆ. ಮಕ್ಕಳೇ, ಇದನ್ನೆಲ್ಲ ಈಗ ಕಂಪ್ಯೂಟರೇ ನಿಮಗೆ ಹೇಳುತ್ತದೆ. ಆದರೆ ‘ಎಕ್ಸೆಸ್’ ಎಂದರೇನು ಎಂದು ಮಾತ್ರ ನೀವೇ ಬಾಯಿಬಿಟ್ಟು ಹೇಳಿ. ಏನೇ ನಷ್ಟವಾದರೂ ಅದರ ಮೊದಲ ತುಂಡು ಕಾರಿನವರದು, ಉಳಿದದ್ದು ಕಂಪನಿಯದು. ಓಡಿಸಿದವರು ಎಳೆಯರೋ ಕಲಿಯುವವರೋ ಆದರೆ ಆ ಮೊದಲ ತುಂಡು ಸ್ವಲ್ಪ ದೊಡ್ಡದು. ನಾನು ಕಾಕಾಗೆ ಇದನ್ನು ಹೇಳಿದ್ದೆ. ಅವರು ತಲೆಯಾಡಿಸಿದ್ದರು. ತಲೆಯಾಡಿಸಿದವರೆಲ್ಲ ಕೇಳಿಸಿಕೊಂಡಿರುವುದಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಕಾಕಾ ನೀರಿನ ಬಾಟಲಿ ಹಿಡಿದು ಒಳಗೆ ಬಂದರು.

‘ಎಲ್ಲಾರೂ ಆರಾಮ ಅದೀರಿಲ್ಲೋ ಕಾಕಾ?’

‘ಆರಾಮ. ನಾ ಒಬ್ಬವನೇ ಇದ್ದೆ.’ ಕೇಳುವ ಮೊದಲೇ ಹೇಳಿದರು.

ಪರಿಚಯದವರ ಕೇಸು ಬಂದರೆ ಡಯಾನ್ ಜೊತೆಗೆ ಕೂರಬೇಕು, ಅದು ನಮ್ಮ ಆಫೀಸಿನ ಪದ್ಧತಿ. ಅವಳು ಬಂದು ಕೂತಳು, ಆಟಿಕೆ ಕಾರುಗಳನ್ನು ಸರಿಸಿದಳು. ಕಾಕಾ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ಇಳಿಜಾರಿನ ಬೀದಿ. ಪಕ್ಕದಲ್ಲಿ ನಿಂತಿದ್ದ ಹಸಿರು ಕಾರು. ಅದು ಸಾಮಾನ್ಯ ಕಾರಲ್ಲ, ಆ ಬೀದಿಯ ಒಬ್ಬ ಮುದುಕ ವರ್ಷಗಟ್ಟಲೆ ರಿಪೇರಿ ಮಾಡಿ, ಭಾನುವಾರಕ್ಕೊಮ್ಮೆ ಉಜ್ಜಿ ಹೊಳಪೇರಿಸುತ್ತಿದ್ದ ಹಳೆಯ ಕಾಲದ ಕಾರು. ಅದರ ಬಾಗಿಲು ಒಳಗೆ ಹೋಗಿತ್ತು.

‘ನಾ ಬ್ರೇಕ್ ಒತ್ತಿದೆ, ಒತ್ತಿದೆ, ನಿಲ್ಲಲೇ ಇಲ್ಲ’ ಎಂದು ಕಾಕಾ ಮೇಜಿನ ಕೆಳಗೆ ಬಲಗಾಲು ಚಾಚಿ ನೆಲ ಒತ್ತಿದರು. ‘ಕಡೀಕ ಹ್ಯಾಂಡ್‌ಬ್ರೇಕ್ ಜಗ್ಗಿದೆ’ ಎಂದು ಬಲಗೈಯನ್ನು ಪಕ್ಕಕ್ಕೆ ಇಳಿಬಿಟ್ಟು, ಮುಷ್ಟಿ ಕಟ್ಟಿ ಮೇಲೆಳೆದರು. ಅವರ ಮುಖ ಬೆವೆತಿತ್ತು. ನನಗೆ ಅಯ್ಯೋ ಅನ್ನಿಸಿತು. ಡಯಾನ್ ಮಾತ್ರ ಪೆನ್ನು ಕೆಳಗಿಟ್ಟಳು.

‘ಇನ್ನೊಮ್ಮೆ ತೋರಿಸಲಿ, ಹ್ಯಾಂಡ್‌ಬ್ರೇಕ್ ಎಳೆದದ್ದನ್ನು.’

ಕಾಕಾ ಮತ್ತೆ ಬಲಗೈಯಲ್ಲೇ ಎಳೆದರು.

ಡಯಾನ್ ನನ್ನನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ‘ಡ್ರೈವರ್ ಕೂರುವುದು ಬಲಗಡೆ. ಅವನ ಬಲಗೈ ಪಕ್ಕದಲ್ಲಿ ಏನಿರುತ್ತದೆ?’

ಓಡಿಸಲು ಬಾರದವಳಿಗೆ ಏನು ಗೊತ್ತು? ‘ಏನಿರುತ್ತದೆ?’ ಎಂದೆ.

‘ಬಾಗಿಲು. ಹ್ಯಾಂಡ್‌ಬ್ರೇಕ್ ಎಡಕ್ಕೆ, ಎರಡು ಸೀಟುಗಳ ಮಧ್ಯೆ. ಅದನ್ನು ಬಲಗೈಯಲ್ಲಿ ಎಳೆಯುವವನು ಎಡಗಡೆಯ ಸೀಟಿನವನು. ಆ ಸೀಟಿಗೆ ಬ್ರೇಕಿಲ್ಲ, ಅದಕ್ಕೇ ಎಷ್ಟು ಒತ್ತಿದರೂ ಕಾರು ನಿಲ್ಲಲಿಲ್ಲ. ಓಡಿಸುತ್ತಿದ್ದವರು ಬೇರೆ ಯಾರೋ, ಸರೋಜಾ.’

ಯಾರೆಂದು ನನಗೆ ಆ ಕ್ಷಣವೇ ಹೊಳೆಯಿತು. ಆಗ ಕಾಕಾ ಹತ್ತಿರ ಕಲಿಯುತ್ತಿದ್ದವಳು ಶೈಲಾ, ಮೈಸೂರಿನ ಹುಡುಗಿ. ವೃದ್ಧಾಶ್ರಮವೊಂದರಲ್ಲಿ ಅವಳಿಗೆ ಕೆಲಸ ಗೊತ್ತಾಗಿತ್ತು. ಬೆಳಗಿನ ಪಾಳಿ ಶುರುವಾಗುವುದು ಮೊದಲ ಬಸ್ಸಿಗೂ ಮುಂಚೆ. ಒಬ್ಬಳೇ ಓಡಿಸಬಹುದಾದ ಲೈಸೆನ್ಸ್ ಸಿಕ್ಕರೆ ಮಾತ್ರ ಕೆಲಸ. ಗಂಡ ನವೀನನಿಗೆ ಅವಳು ಡ್ರೈವಿಂಗ್ ಕಲಿಯುವುದೇ ಇಷ್ಟವಿರಲಿಲ್ಲ. ‘ಎಲ್ಲಾದರೂ ಒಂದು ಸಲ ಟಚ್ ಆದ್ರೂ ಅಲ್ಲಿಗೆ ಬಂದ್’ ಎಂದು ಷರತ್ತು ಹಾಕಿಯೇ ಒಪ್ಪಿದ್ದ. ಇದು ನಮ್ಮ ಹೆಂಗಸರ ಗುಂಪಿನಲ್ಲಿ ಎಲ್ಲರಿಗೂ ಗೊತ್ತಿತ್ತು.

‘ಈಗೇನು ಮಾಡುತ್ತೀರಿ?’ ಎಂದು ಡಯಾನ್‌ಳನ್ನು ಕೇಳಿದೆ.

‘ಸುಳ್ಳನ್ನೇ ಸಹಿ ಮಾಡಿ ಕೊಟ್ಟರೆ ಕ್ಲೇಮು ಬಿತ್ತು, ಪಾಲಿಸಿಯೂ ರದ್ದು. ಆ ಹಸಿರು ಕಾರಿನ ಪೂರ್ತಿ ಖರ್ಚು ಅವರ ತಲೆಗೆ. ಮುಂದೆ ಬೇರೆ ಕಂಪನಿಗೆ ಹೋದರೂ, ಹಿಂದೆ ರದ್ದಾಗಿದೆಯೇ ಎಂದು ಕೇಳುತ್ತಾರೆ. ಆದರೆ ಅವರಿನ್ನೂ ಸಹಿ ಮಾಡಿಲ್ಲ. ಪಾಲಿಸಿಯಲ್ಲಿ ಏನು ಬರೆದಿದೆಯೋ ಅದನ್ನು ಅವರ ಭಾಷೆಯಲ್ಲಿ ಹೇಳು. ಅದು ಅವರ ಹಕ್ಕು. ಏನು ಹೇಳಬೇಕೆಂದು ಮಾತ್ರ ಹೇಳಿಕೊಡಬೇಡ. ನಾನು ಚಹಾ ಮಾಡುತ್ತೇನೆ.’

ಹೊರಗೆ ಬಂದು ಕಾಕಾನ ಎದುರು ಕೂತೆ.

‘ಕಾಕಾ, ಪಾಲಿಸಿ ಹೇಳತೀನಿ, ಕೇಳ್ರಿ. ಕಲಿಯೋರು ಓಡಸ್ತಿದ್ರು ಅಂತಿಟ್ಕೊಳ್ರಿ. ಮುಂದ ಹಿಂದ ಎಲ್ ಫಲಕ ಇತ್ತು. ಪಕ್ಕದಾಗ ಇಲ್ಲಿ ಪೂರ್ಣ ಲೈಸೆನ್ಸ್ ತಗೊಂಡು ಎರಡು ವರ್ಷ ದಾಟಿದವರು ಕುಂತಿದ್ರು. ಹಂಗಿದ್ರ ಕಂಪನಿ ರೊಕ್ಕ ಕೊಡತೈತಿ. ಮೊದಲನೇ ತುಂಡು ಅಷ್ಟ ಸ್ವಲ್ಪ ಹೆಚ್ಚು.’

ಕಾಕಾ ಬಾಟಲಿಯ ಮುಚ್ಚಳ ತಿರುವುತ್ತ ಕೂತರು. ‘ಕಲಿಯೋರು ಗುದ್ದಿದ್ರೂ ಕೊಡತೈತಿ?’

‘ಕೊಡತೈತಿ.’

‘ಪೊಲೀಸು, ಕೋರ್ಟು?’

‘ನಿಂತ ಕಾರಿಗೆ ತಾಗಿಸಿ, ಹೆಸರು ವಿಳಾಸ ಕೊಟ್ಟು ಬಂದ ಮ್ಯಾಲ ಯಾವ ಕೋರ್ಟು ಕಾಕಾ? ಆದ್ರ ಓಡಿಸಿದವರ ಹೆಸರು ಖರೇ ಇರಬೇಕು. ಸುಳ್ಳು ಇದ್ರ ಏನೂ ಇಲ್ಲ.’

ಕಾಕಾ ಒಂದು ಗುಟುಕು ನೀರು ಕುಡಿದರು. ಆಮೇಲೆ, ‘ನಾನು ಬಸ್ಸಿನ್ಯಾಗ ಇದ್ದಾಗ, ಕಲಿಯೋ ಹುಡುಗ ಏನರೆ ಮಾಡಿದ್ರ ದೊಡ್ಡವ ತನ್ನ ಮ್ಯಾಲ ಹಾಕ್ಕೋತಿದ್ದ. ನನ್ನ ಗುರು ನನ್ನ ಸಲುವಾಗಿ ಹಾಕ್ಕೊಂಡಿದ್ದ. ಆ ಪದಕ ಐತೆಲ್ಲ, ಅದರಾಗ ಅರ್ಧ ಅವಂದು’ ಎಂದರು. ಬಾಟಲಿ ಕೆಳಗಿಟ್ಟು, ‘ಅಕಿ ಅಳಕೋತ ಕಾಲು ಹಿಡಕೊಂಡ್ಲವಾ. ಹೇಳೂದಿಲ್ಲಂತ ಮಾತು ಕೊಟ್ಟೀನಿ’ ಎಂದರು.

ಪದಕದ ಮೇಲೆ ಪ್ರಾಣವಿಟ್ಟುಕೊಂಡಿದ್ದ ಮನುಷ್ಯ, ಆ ಹೆಸರನ್ನೇ ಒಂದು ಹುಡುಗಿಯ ಕೆಲಸಕ್ಕಾಗಿ ಒತ್ತೆಯಿಡಲು ಬಂದಿದ್ದರು. ಬೈಯಬೇಕೋ ಕೈಮುಗಿಯಬೇಕೋ ತಿಳಿಯಲಿಲ್ಲ.

‘ಮಾತು ಯಾರಿಗೆ ಕೊಟ್ಟೀರಿ, ಬಿಡಿಸೂದು ಅವರ ಕೈಯಾಗ ಐತಿ’ ಎಂದೆ. ‘ನಾಳೆ ತನಕ ಟೈಮ್ ಐತಿ. ಚಾ ಕುಡೀರಿ.’

ಡಯಾನ್ ತಂದ ಚಹಾವನ್ನು ಅವರು ಸಾಸರಿಗೆ ಸುರಿದು ಕುಡಿದರು. ಅವಳು ಅದನ್ನು ನೋಡಿ, ತಾನೂ ಹಾಗೇ ಸುರಿದುಕೊಂಡಳು. ‘ನನ್ನ ತಾತ ಹೀಗೇ ಕುಡಿಯುತ್ತಿದ್ದ’ ಎಂದಳು. ಅಂಥ ಮೇಲಧಿಕಾರಿ ಸಿಕ್ಕರೆ ಬಿಡಬೇಡಿ, ಮಕ್ಕಳೇ.

ಮಾರನೆಯ ದಿನ ಮೂವರೂ ಬಂದರು. ಮುಂದೆ ಕಾಕಾ, ಹಿಂದೆ ಶೈಲಾ, ಅವಳ ಹಿಂದೆ ಮುಖ ಬಿಗಿದುಕೊಂಡ ನವೀನ. ರಾತ್ರಿ ಅವರ ಮನೆಯಲ್ಲಿ ಏನು ನಡೆಯಿತೋ, ನಾನು ಕೇಳಲಿಲ್ಲ, ಅವಳ ಕಣ್ಣು ಊದಿತ್ತು. ಕೂರುವ ಮೊದಲೇ ನವೀನ ಕೇಳಿದ, ‘ಮೇಡಂ, ಅವಳ ಹೆಸರು ಹಾಕಲೇಬೇಕಾ? ಅಂಕಲ್ಲೇ ಒಪ್ಕೊಂಡಿದ್ದಾರಲ್ಲ. ಸುಮ್ನೆ ಯಾಕೆ ರೆಕಾರ್ಡ್ ಹಾಳು ಮಾಡ್ಕೊಳ್ಳೋದು?’

ನಾನು ಬಾಯಿ ತೆರೆಯುವಷ್ಟರಲ್ಲಿ ಶೈಲಾ ಮುಂದೆ ಬಾಗಿ ಕೆಂಪು ಕಾರನ್ನು ಎತ್ತಿಕೊಂಡಳು.

‘ಯಾರ ರೆಕಾರ್ಡ್ ರೀ?’ ಎಂದಳು ಗಂಡನಿಗೆ. ‘ಅಂಕಲ್‌ದು ಹಾಳಾದ್ರೆ ಪರವಾಗಿಲ್ವಾ?’

ನವೀನ ಕೂತ. ಅವಳು ಮೇಜಿನ ಮೇಲೆ ಒಂದು ಫೈಲನ್ನು ಇಳಿಜಾರಾಗಿ ಇಟ್ಟು, ನೀಲಿ ಕಾರನ್ನು ಪಕ್ಕಕ್ಕೆ ನಿಲ್ಲಿಸಿದಳು.

‘ಅಕ್ಕಾ, ಇವರಿಗೆ ಹೇಳಿ. ನಾನೇ ಓಡಿಸ್ತಿದ್ದೆ. ಇಲ್ಲಿಂದ ಇಳೀತಾ ಇದ್ದೆ. ಅಲ್ಲೊಂದು ಬೆಕ್ಕು ಬಂತು. ಬ್ರೇಕ್ ಅಂದ್ಕೊಂಡು ಆಕ್ಸಿಲರೇಟರ್ ಒತ್ತಿಬಿಟ್ಟೆ. ಅಂಕಲ್ ಹ್ಯಾಂಡ್‌ಬ್ರೇಕ್ ಎಳೆದ್ರು, ಇಲ್ಲ ಅಂದಿದ್ರೆ ಆ ಹಸಿರು ಕಾರಿನವರ ಗೇಟೂ ಹೋಗ್ತಿತ್ತು. ಇಷ್ಟೇ.’ ಕೆಂಪು ಕಾರು ನೀಲಿ ಕಾರಿಗೆ ಟಕ್ ಎಂದು ತಾಗಿತು. ‘ಬೆಕ್ಕಿಗೆ ಏನೂ ಆಗ್ಲಿಲ್ಲ.’

ನಾನು ತಿರುಗಿಸಿ ಹೇಳಿದೆ, ಬೆಕ್ಕಿನ ಕ್ಷೇಮವನ್ನೂ ಸೇರಿಸಿ. ಡಯಾನ್ ಎಲ್ಲ ಬರೆದುಕೊಂಡು, ಓದಿ ಹೇಳಿ, ಶೈಲಾಳಿಂದಲೂ ಕಾಕಾನಿಂದಲೂ ಸಹಿ ಹಾಕಿಸಿದಳು. ಆಮೇಲೆ ಕೇಳಿದಳು, ‘ಟೆಸ್ಟ್ ಯಾವಾಗ?’

‘ಟೆಸ್ಟಾ? ಇನ್ನು ಎಲ್ಲಿ...’ ಶೈಲಾ ಗಂಡನತ್ತ ನೋಡಲಿಲ್ಲ.

‘ನಾನು ಟ್ರ್ಯಾಕ್ಟರನ್ನು ನಮ್ಮಪ್ಪನ ಕುರಿದೊಡ್ಡಿಯೊಳಗೆ ನುಗ್ಗಿಸಿದ್ದೆ’ ಎಂದಳು ಡಯಾನ್. ‘ಮರುದಿನ ಅಪ್ಪ ಮತ್ತೆ ಅದರ ಮೇಲೇ ಕೂರಿಸಿದ. ಕೂರಿಸದಿದ್ದರೆ ಜನ್ಮದಲ್ಲಿ ಹತ್ತುತ್ತಿರಲಿಲ್ಲ.’

ಇದನ್ನು ನಾನು ಕನ್ನಡಕ್ಕೆ ತಿರುಗಿಸಬೇಕಾಗಿರಲಿಲ್ಲ, ಕೇಳಿದರೆ ಗಂಡ ಹೆಂಡತಿ ಇಬ್ಬರಿಗೂ ಇಂಗ್ಲಿಷ್ ಅರ್ಥವಾಗುತ್ತಿತ್ತು. ಆದರೂ ನವೀನನ ಮುಖ ನೋಡಿಕೊಂಡೇ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದೆ. ಕುರಿದೊಡ್ಡಿ ಕಾಕಾಗೆ ಬಹಳ ಹಿಡಿಸಿತು.

‘ಕುರಿ ಎಷ್ಟು ಸತ್ತಾವಂತ ಕೇಳು’ ಎಂದರು.

ಡಯಾನ್‌ಳನ್ನು ಕೇಳಿ ಹೇಳಿದೆ, ‘ಒಂದೂ ಇಲ್ಲಂತ. ಆದ್ರ ಆ ವರ್ಷ ಅವು ಉಣ್ಣಿ ಸರಿಯಾಗಿ ಕೊಡಲಿಲ್ಲಂತ.’

ನವೀನ ನಕ್ಕುಬಿಟ್ಟ. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ನಗು ಮುಗಿದ ಮೇಲೆ ನೆಲ ನೋಡುತ್ತ, ‘ಅಂಕಲ್, ಭಾನುವಾರ ಇವಳಿಗೆ ಕಲಿಸೋಕೆ ನಮ್ಮ ಕಾರು ತಗೊಂಡ್ಹೋಗಿ. ನಿಮ್ದು ಬಂಪರ್ ಹೋಗಿದೆಯಲ್ಲ’ ಎಂದ. ಅವನ ಕಾರು ಫುಲ್ ಕವರ್. ಹೆಂಡತಿಯ ಹೆಸರನ್ನೂ ಅದರಲ್ಲಿ ಸೇರಿಸಬೇಕೆಂದು ಡಯಾನ್ ಆಗಲೇ ಕಾಗದ ಹುಡುಕಲು ಎದ್ದಿದ್ದಳು. ವ್ಯಾಪಾರ ಬಿಡುವವಳಲ್ಲ ಅವಳು.

ಹಸಿರು ಕಾರಿನ ಬಾಗಿಲು ಸರಿಯಾಯಿತು, ಕಂಪನಿ ಕೊಟ್ಟಿತು. ಮೊದಲ ತುಂಡನ್ನು ಶೈಲಾ ಮುಂದೆ ಆ ಕೆಲಸ ಸಿಕ್ಕಿ ಸಂಬಳ ಬಂದ ಮೇಲೆ ಕಾಕಾಗೆ ತೀರಿಸಿದಳು. ಟೆಸ್ಟಿನಲ್ಲಿ ಒಮ್ಮೆ ಫೇಲಾದಳು, ಆಮೇಲೆ ಪಾಸಾದಳು. ಬಂಪರಿಗೆ ನೀಲಿ ನೈಲಾನ್ ಹಗ್ಗ ಕಟ್ಟಿದ ಬಿಳಿ ಕಾರು ಒಂದು ಮಧ್ಯಾಹ್ನ ನಮ್ಮ ಆಫೀಸಿನ ಮುಂದೆ ನಿಂತಿತು. ಸ್ಟೀರಿಂಗ್ ಹಿಂದೆ ಅವಳು, ಎಡಕ್ಕೆ ಕಾಕಾ, ಮಡಿಲಲ್ಲಿ ಪೇಡೆಯ ಡಬ್ಬಿ. ನಾನೂ ಡಯಾನ್‌ಳೂ ಹೊರಗೆ ಓಡಿದೆವು. ಶೈಲಾ ದೂರು ಹೇಳಿದಳು, ‘ಅಕ್ಕಾ, ಪಾಸಾದ್ಮೇಲೂ ಅಂಕಲ್ ಕಾಲು ನೆಲ ಒತ್ತೋದು ಬಿಟ್ಟಿಲ್ಲ. ಮ್ಯಾಟು ತೂತಾಗಿದೆ ನೋಡಿ.’

‘ಆ ಕಾಲು ನನ್ನ ಮಾತ ಕೇಳೂದಿಲ್ಲವಾ’ ಎಂದರು ಕಾಕಾ.

ಆಮೇಲಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ದಶಕ ಮುಗಿಯುವ ಹೊತ್ತಿಗೆ ಕೌಂಟರು ಮುಚ್ಚಿ ನಮ್ಮನ್ನೆಲ್ಲ ಪೇಟೆಯ ದೊಡ್ಡ ಕಟ್ಟಡಕ್ಕೆ ಕರೆದರು. ಕಿವಿಗೆ ಫೋನು, ಕಣ್ಣೆದುರು ಪರದೆ. ಗುದ್ದಿಕೊಂಡವರ ಮುಖ ಕಾಣುತ್ತಿರಲಿಲ್ಲ, ಕೈ ಅಂತೂ ಇಲ್ಲವೇ ಇಲ್ಲ. ಯಾರು ಯಾವ ಕೈಯಿಂದ ಏನು ಎಳೆದರು ಎಂದು ಫೋನಿನಲ್ಲಿ ಹೇಗೆ ತಿಳಿಯುತ್ತದೆ? ಕೆಲಸ ಬೇಗ ಆಗುತ್ತಿತ್ತು, ಅದು ನಿಜ. ಡಯಾನ್ ಆ ಕಟ್ಟಡಕ್ಕೆ ಬರಲಿಲ್ಲ, ತಮ್ಮನ ಹೊಲದ ಕಡೆಗೆ ಹೊರಟುಹೋದಳು. ಹೋಗುವಾಗ ಕೆಂಪು ಕಾರು ನನಗೆ ಕೊಟ್ಟು ನೀಲಿ ತಾನಿಟ್ಟುಕೊಂಡಳು. ಗುರಪ್ಪ ಕಾಕಾ ಅದಾದ ಕೆಲವು ವರ್ಷಕ್ಕೆ, ಕಾಯಿಲೆ ಕಸಾಲೆ ಇಲ್ಲದೆ, ಊಟ ಮಾಡಿ ಕೂತಲ್ಲೇ ಹೋದರು. ಅವರು ಕಲಿಸಿದ ಹೆಣ್ಣುಮಕ್ಕಳೆಲ್ಲ ತಮ್ಮ ತಮ್ಮ ಕಾರುಗಳನ್ನು ತಾವೇ ಓಡಿಸಿಕೊಂಡು ಬಂದಿದ್ದರು. ಮಗಳ ಮನೆಯ ಬೀದಿಯಲ್ಲಿ ನಿಲ್ಲಿಸಲು ಜಾಗವಿರಲಿಲ್ಲ.

ನಾನು ನಿವೃತ್ತಳಾದ ದಿನ ಬಸ್ಸಿನಲ್ಲೇ ಮನೆಗೆ ಹೋಗುವುದೆಂದುಕೊಂಡಿದ್ದೆ. ಕಟ್ಟಡದ ಕೆಳಗೆ ಶೈಲಾ ಕಾರು ನಿಲ್ಲಿಸಿಕೊಂಡು ಕಾದಿದ್ದಳು. ಈಗ ಅವಳು ಆ ವೃದ್ಧಾಶ್ರಮದಲ್ಲಿ ಪಾಳಿಗಳನ್ನು ಹಂಚುವವಳು, ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ಭಾನುವಾರ ಡ್ರೈವಿಂಗ್ ಕಲಿಸುತ್ತಾಳೆ. ಅವಳ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಕುಂಕುಮದ ಬೊಟ್ಟು ಮಾಸಿಹೋದ ಹಳದಿ ಎಲ್ ಫಲಕವಿತ್ತು. ನಾನು ಕೈಯಲ್ಲಿದ್ದ ಹೂವನ್ನು ಹಿಂದಿಟ್ಟು ಎಡಗಡೆ ಕೂತೆ.

ಅದೇ ಇಳಿಜಾರಿನ ಬೀದಿಗೆ ಬಂದೆವು. ಹಸಿರು ಕಾರು ನಿಲ್ಲುತ್ತಿದ್ದ ಜಾಗ ಖಾಲಿಯಾಗಿತ್ತು. ನನ್ನ ಕಣ್ಣಿಗೆ ಮಾತ್ರ ಅದು ಅಲ್ಲೇ ನಿಂತಂತಿತ್ತು, ಕಾಕಾ ಬಲಗೈ ಇಳಿಬಿಟ್ಟು ಎಳೆಯುತ್ತಿದ್ದಂತಿತ್ತು. ಕಾರು ಇಳಿಯುತ್ತ ಸ್ವಲ್ಪ ವೇಗ ಹಿಡಿಯಿತು ನೋಡಿ, ಜನ್ಮದಲ್ಲಿ ಪೆಡಲು ಮುಟ್ಟದ ನನ್ನ ಬಲಗಾಲು ತಾನಾಗಿ ಮುಂದೆ ಹೋಗಿ ನೆಲವನ್ನು ಗಟ್ಟಿಯಾಗಿ ಒತ್ತಿತು.

ಶೈಲಾ ರಸ್ತೆಯಿಂದ ಕಣ್ಣು ತೆಗೆಯದೆ ನಕ್ಕಳು.

‘ಅಕ್ಕಾ, ಆ ಕಡೆ ಬ್ರೇಕಿಲ್ಲ. ನಾನಿದ್ದೀನಿ, ಬಿಡಿ.’